ಮಾವ ಮುಟ್ಟದ ಪಿಸ್ತೂಲು

ಹ್ಯೂಸ್ಟನ್ ಹೊರವಲಯದ ಗನ್ ಅಂಗಡಿ. ಕೌಂಟರಿನ ರಬ್ಬರ್ ಚಾಪೆಯ ಮೇಲೆ ಒಂದು ಪಿಸ್ತೂಲು, ಒಂದು ರಿವಾಲ್ವರು. 4473 ನಂಬರಿನ ಫಾರಂ ತುಂಬಿಯಾಗಿದೆ, ಗ್ರೀನ್ ಕಾರ್ಡ್ ತೋರಿಸಿಯಾಗಿದೆ. ನನ್ನ ಪೂರ್ವಾಪರದ ತಪಾಸಣೆ ಮುಗಿದು ಎಫ್‌ಬಿಐ ಕಡೆಯಿಂದ ಉತ್ತರ ಬರಲೆಂದು ಅಂಗಡಿಯಾತ ಕಾಯುತ್ತಿದ್ದಾನೆ.

ಪಕ್ಕದಲ್ಲಿ ನನ್ನ ಮಾವ. ಸೋಮವಾರಪೇಟೆಯಿಂದ ಮಗಳ ಮನೆಗೆಂದು ಬಂದವರು. ಸೈನ್ಯದ ಮಿಲಿಟರಿ ಪೊಲೀಸಿನಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಬೇರೆ ದಾರಿಯಿಲ್ಲ. ಬೇಟೆ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ, ವಿಸಿಟರ್ ವೀಸಾದಲ್ಲಿ ಬಂದವರು ಬಂದೂಕು ಹಿಡಿಯುವುದು ಅಮೆರಿಕದಲ್ಲಿ ಅಪರಾಧ.

“ಇದು ನಮ್ಮ ನೈನ್ ಎಂಎಂ ಅಲ್ವಾ ಅಳಿಯಂದ್ರೇ?” ಮಾವ ಬಗ್ಗಿ ನೋಡುತ್ತಾರೆ.

ಹೆಚ್ಚುಕಡಿಮೆ ಅದೇ. ಸ್ಲೈಡಿನ ಎಡಮಗ್ಗುಲಲ್ಲಿ ಬ್ರೌನಿಂಗ್, ಎಫ್‌ಎನ್, ಇಂಗ್ಲಿಸ್ ಕೆನಡಾ ಎಂದು ಕೊರೆದಿದೆ. ಜಾನ್ ಬ್ರೌನಿಂಗ್ ಆರಂಭಿಸಿ, 1926ರಲ್ಲಿ ಅವರು ತೀರಿಕೊಂಡ ಮೇಲೆ ಬೆಲ್ಜಿಯಂನ ದ್ಯುದನೆ ಸೇವ್ ಮುಗಿಸಿದ, 1935ರ ಹೈ ಪವರ್ ಪಿಸ್ತೂಲು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಬೆಲ್ಜಿಯಂ ಆಕ್ರಮಿಸಿ, ಎಫ್‌ಎನ್ ಕಾರ್ಖಾನೆಯಲ್ಲಿ ಇದನ್ನೇ ತಮಗಾಗಿ ಮಾಡಿಸಿಕೊಂಡರು. ಮಿತ್ರಪಕ್ಷಕ್ಕಾಗಿ ಟೊರಾಂಟೋದ ಜಾನ್ ಇಂಗ್ಲಿಸ್ ಕಂಪನಿ ಸುಮಾರು ಒಂದೂವರೆ ಲಕ್ಷ ತಯಾರಿಸಿತು. ಆ ಇಂಗ್ಲಿಸ್ ಮಾದರಿಯನ್ನೇ ಹಿಡಿದು ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿ ನಮ್ಮ ಸೈನ್ಯಕ್ಕೆ 9 ಎಂಎಂ 1ಎ ಪಿಸ್ತೂಲು ಮಾಡಿಕೊಟ್ಟಿತು. ಮಾವ ಸೊಂಟಕ್ಕೆ ಕಟ್ಟಿ ಓಡಾಡಿದ್ದು ಅದನ್ನು.

ಉತ್ತರ ಬಂತು, ಅಡ್ಡಿಯಿಲ್ಲವಂತೆ. ಪಿಸ್ತೂಲು ಎತ್ತಿಕೊಳ್ಳುತ್ತೇನೆ. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಚೇಂಬರಿಗೆ ಕಿರುಬೆರಳು ತೂರಿಸಿ ನೋಡಿದರೆ ಖಾಲಿ. ಈಗ ಅಂಗೈ ಮುಚ್ಚುತ್ತೇನೆ. ಒಳಗೆ ಎರಡು ಸಾಲಾಗಿ 13 ಗುಂಡು ಕೂರುತ್ತವೆಂದರೆ ಕೈ ನಂಬುವುದಿಲ್ಲ, ಹಿಡಿ ಅಷ್ಟು ತೆಳು. ಕಿಲೋ ಹತ್ತಿರದ ಉಕ್ಕು. ಆದರೂ ಭಾರವೆಲ್ಲ ಅಂಗೈಯಲ್ಲೇ ನಿಲ್ಲುತ್ತದೆ, ಮೂತಿ ಕೆಳಗೆ ಜಗ್ಗುವುದಿಲ್ಲ. ನನ್ನ ಬಳಿಯಿರುವ ಯಾವ ಹೊಸ ಪಿಸ್ತೂಲೂ ಮೊದಲ ಹಿಡಿತಕ್ಕೇ ಹೀಗೆ ಕೂತಿಲ್ಲ.

ಬೆಳಕಿಗೆ ಓರೆಯಾಗಿ ಹಿಡಿದರೆ ಮೈಮೇಲೆ ಯಂತ್ರದ ಗೀರುಗಳು, ಆಗಷ್ಟೇ ಉತ್ತ ಗದ್ದೆಯ ಸಾಲುಗಳ ಹಾಗೆ. ಉಜ್ಜಿ ನುಣುಪು ಮಾಡುವಷ್ಟು ಪುರುಸೊತ್ತು ಯುದ್ಧಕಾಲದಲ್ಲಿ ಎಲ್ಲಿತ್ತು? ಇಂಗ್ಲಿಸ್ ಕಾರ್ಖಾನೆಯಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಕೆನಡಾದ ಪ್ರಚಾರ ಚಿತ್ರಗಳಲ್ಲಿ ‘ಬ್ರೆನ್ ಗನ್ ಗರ್ಲ್’ ಎಂದು ಹೆಸರಾದ ವೆರೋನಿಕಾ ಫಾಸ್ಟರ್ ಅಲ್ಲಿಯ ಕೆಲಸಗಾರ್ತಿಯೇ. ಈ ಗೀರುಗಳಿಗಾಗಿಯೇ ನಾನು ಇದನ್ನು ಕೊಳ್ಳುತ್ತಿದ್ದೇನೆ. ಪಾಲಿಷ್ ಮಾಡಿಸಿ ಹೊಳಪು ಕೊಟ್ಟ ಇಂಗ್ಲಿಸ್ ಕಂಡರೆ ನನಗೆ ಸಂಕಟವಾಗುತ್ತದೆ.

“ಮ್ಯಾಗಜೀನ್ ಹಾಕದೆ ಟ್ರಿಗರ್ ಒತ್ತಿ ನೋಡಿ,” ಮಾವ ಪಿಸುಗುಡುತ್ತಾರೆ.

ಅಂಗಡಿಯಾತನ ಒಪ್ಪಿಗೆ ಪಡೆದು ಒತ್ತುತ್ತೇನೆ. ಹ್ಯಾಮರ್ ಬೀಳುವುದಿಲ್ಲ. ಖಾಲಿ ಮ್ಯಾಗಜೀನ್ ಸೇರಿಸಿ ಮತ್ತೆ ಒತ್ತಿದರೆ ಬೆರಳಿಗೆ ಮರಳು ಸಿಕ್ಕಂತೆ ತರಿತರಿ, ಆಮೇಲೆ ಟಕ್. ಟ್ರಿಗರಿನ ಒಳಗಿನ ಪುಟ್ಟ ಕಡ್ಡಿಯೊಂದು ಮ್ಯಾಗಜೀನಿನ ಮುಖಕ್ಕೆ ಉಜ್ಜಿಕೊಂಡೇ ಸರಿಯಬೇಕು, ಅದರ ತರಿ ಇದು. ಈ ಸುರಕ್ಷತೆ ಬೇಕೆಂದಿದ್ದು ಫ್ರೆಂಚ್ ಸೈನ್ಯ. ಕೊನೆಗೆ ಅವರು ಪಿಸ್ತೂಲನ್ನೇ ಆರಿಸಿಕೊಳ್ಳಲಿಲ್ಲ. ಕಡ್ಡಿ ಮಾತ್ರ ಉಳಿದುಕೊಂಡಿತು. ಅದನ್ನು ಕಿತ್ತು ಟ್ರಿಗರ್ ಹಗುರ ಮಾಡಿಕೊಳ್ಳುವವರು ಬಹಳ. ನಾನು ಕೀಳುವುದಿಲ್ಲ.

ರಿವಾಲ್ವರಿನ ಮಾತು ಬೇಗ ಮುಗಿಯುತ್ತದೆ. ಸ್ಮಿತ್ ಆಂಡ್ ವೆಸ್ಸನ್ ವಿಕ್ಟರಿ, ಅದೂ ಯುದ್ಧಕಾಲದ್ದೇ. ನಂಬರಿನ ಮುಂದೆ ‘ವಿ’ ಅಕ್ಷರ, ಗೆರೆಯಿಲ್ಲದ ವಾಲ್ನಟ್ ಹಿಡಿ, ಬುಡದಲ್ಲಿ ಹುರಿ ಕಟ್ಟುವ ಬಳೆ. ಕೆಲವದರಲ್ಲಿ ‘ಎಸ್‌ವಿ’ ಎಂದಿರುತ್ತದೆ. 1944ರಲ್ಲಿ ಇಂಥದೊಂದು ಕೆಳಗೆ ಬಿದ್ದು ಗುಂಡು ಹಾರಿ ಅಮೆರಿಕದ ನೌಕಾಪಡೆಯವನೊಬ್ಬ ಸತ್ತ ಮೇಲೆ ಹ್ಯಾಮರಿಗೆ ಹೊಸ ತಡೆ ಕೂರಿಸಿದ ಗುರುತು ಅದು. ಕೊಳ್ಳುವವರು ಸಿಲಿಂಡರಿನ ಕೋಣೆಗಳನ್ನು ಇಣುಕಿ ನೋಡಲೇಬೇಕು. ಬ್ರಿಟನ್ನಿಗೆ ಹೋದವುಗಳ ಗುಂಡು ಗಿಡ್ಡ, ತುಸು ದಪ್ಪ. ಯುದ್ಧ ಮುಗಿದ ಮೇಲೆ ವ್ಯಾಪಾರಿಗಳು ಅವನ್ನು ಉದ್ದದ .38 ಸ್ಪೆಷಲ್ ಗುಂಡಿಗೆ ಕೊರೆಸಿ ಮಾರಿದರು. ಅಂಥದರಲ್ಲಿ ಹಾರಿಸಿದ ಕೇಸಿನ ಹೊಟ್ಟೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ನನ್ನದು ಅಮೆರಿಕದಲ್ಲೇ ಉಳಿದದ್ದು, ಕೋಣೆಗಳು ಅಸಲಿ. ಹ್ಯಾಮರ್ ಎಳೆದು ಒತ್ತಿದರೆ ಟ್ರಿಗರ್ ಮುರಿಯುವುದು ಎಷ್ಟು ಚೊಕ್ಕ! ಎಳೆಯದೆ ಒತ್ತಿದರೆ ಉದ್ದದ, ಸಮನಾದ ಎಳೆತ. ಇದು ನನಗೆ ಮೆಚ್ಚುಗೆಯಾಯಿತು. ಇನ್ನೊಂದಕ್ಕೆ ಮನಸ್ಸು ಸೋತಿದೆ.

ಅಂಗಡಿಯ ಹಿಂಬದಿಯೇ ಫೈರಿಂಗ್ ರೇಂಜು. ಮಾವ ಕಿವಿಗೆ ಮಫ್ ಹಾಕಿಕೊಂಡು ಗಾಜಿನಾಚೆ ನಿಂತಿದ್ದಾರೆ. ಪಿಸ್ತೂಲಿನ ಮೊದಲ ಗುಂಡು. ಭುಜಕ್ಕೆ ಬರುವುದು ಒದೆತವಲ್ಲ, ತಳ್ಳು; ಮೂತಿ ಎದ್ದು ತಾನಾಗಿಯೇ ಗುರಿಗೆ ಇಳಿಯುತ್ತದೆ. ಎರಡನೆಯದಕ್ಕೇ ಹೆಬ್ಬೆರಳ ಬುಡದ ಚರ್ಮ ಚುರ್ರೆನ್ನುತ್ತದೆ: ಹಿಂದೆ ಬಂದ ಹ್ಯಾಮರ್ ಚಿವುಟಿದೆ. ಹೈ ಪವರಿನ ಹಳೇ ಚಾಳಿ. ತಿರುಗಿ ನೋಡಿದರೆ ಮಾವ ತಮ್ಮ ಬಲಗೈ ಎತ್ತಿ ಅದೇ ಜಾಗದ ಹಳೇ ಕಲೆ ತೋರಿಸುತ್ತಾರೆ. ಬರಿಗೈಯಲ್ಲೇ ಹಿಡಿತ ಕಟ್ಟಿ ಕೂದಲೆಳೆಯಷ್ಟು ಕೆಳಗಿಳಿಸಿ ತೋರಿಸುತ್ತಾರೆ. ಹಾಗೇ ಹಿಡಿಯುತ್ತೇನೆ. ಚಿವುಟುವುದು ನಿಲ್ಲುತ್ತದೆ.

ಆದರೆ ಅವರ ಕಣ್ಣು ಗುರಿಹಲಗೆಯ ಮೇಲಿಲ್ಲ. ಬಲಕ್ಕೆ ಸಿಡಿಯುತ್ತಿರುವ ಖಾಲಿ ಕೇಸುಗಳು ಎಲ್ಲೆಲ್ಲಿ ಬೀಳುತ್ತವೆಂದು ನೋಡುತ್ತಿದ್ದಾರೆ.

ಮನೆಗೆ ಬಂದು ಮೇಜಿನ ಮೇಲೆ ಬಿಚ್ಚುತ್ತೇನೆ. ಮಾವ ಎದುರು ಕುರ್ಚಿಯಲ್ಲಿ, ಕೈ ಕಟ್ಟಿಕೊಂಡು. “ಖಾಲಿ ಇದೆಯಾ? ಇನ್ನೊಂದ್ಸಲ ನೋಡಿ. ಸ್ಲೈಡ್ ಹಿಂದೆ ತನ್ನಿ. ಸೇಫ್ಟಿ ಮೇಲಕ್ಕೆತ್ತಿ ಎರಡನೇ ಕಚ್ಚಿಗೆ ಸಿಗಿಸಿ. ಈಗ ಬಲಗಡೆಯಿಂದ ಪಿನ್ ಒತ್ತಿ, ಎಡಕ್ಕೆ ಎಳ್ಕೊಳ್ಳಿ.” ಅವರ ಮಾತಿನ ಓಟಕ್ಕೆ ಸರಿಯಾಗಿ ಸ್ಲೈಡ್ ಜಾರಿ ಬರುತ್ತದೆ, ಸ್ಪ್ರಿಂಗ್ ಬರುತ್ತದೆ, ಬ್ಯಾರಲ್ ಬರುತ್ತದೆ. ಸ್ಪ್ರಿಂಗನ್ನು ಹೊಸದರ ಪಕ್ಕ ಇಟ್ಟರೆ ಹಳೆಯದು ಎದ್ದು ಕಾಣುವಷ್ಟು ಕುಗ್ಗಿದೆ.

“ನಾನು ಅಲ್ಲೇ ಅಂದ್ಕೊಂಡೆ. ಕೇಸು ಅಷ್ಟು ದೂರ ಹಾರಬಾರದು. ಸ್ಪ್ರಿಂಗ್ ಸೋತಿದ್ರೆ ಪೆಟ್ಟೆಲ್ಲಾ ಫ್ರೇಮಿಗೆ ಬೀಳುತ್ತೆ. ಹೊಸದು ಹಾಕಿ, ಆಮೇಲೆ ಎಷ್ಟು ಬೇಕಾದ್ರೂ ಹಾರಿಸಿ.”

ಹೊಸ ಸ್ಪ್ರಿಂಗ್ ಕೂರಿಸುತ್ತೇನೆ. ಸ್ಲೈಡ್ ಎಳೆಯುವುದು ಈಗ ಗಟ್ಟಿ. “ಹಾಂ, ನಮ್ದೂ ಹೀಗೇ ಇತ್ತು,” ಎನ್ನುತ್ತಾರೆ ಮಾವ.