ಕಂಕುಳಲ್ಲಿ ಕೂಸು, ಬಯಲಲ್ಲಿ ಬಿಡಾರ

"ಕೂಸು ಎದ್ದು ಓಡಾಡೋವರೆಗೂ ಎಲ್ಲಿಗೂ ಹೊರಡೋದು ಬೇಡ ಕಣೇ" ಎಂಬ ಮಾತು ಕೇಳದ ತಾಯಿ ನಮ್ಮಲ್ಲಿ ಯಾರಿದ್ದಾರೆ, ಹೇಳಿ? ಜಾತ್ರೆ ಬರುತ್ತದೆ, ತವರಿನ ಮದುವೆ ಬರುತ್ತದೆ, ಮನೆದೇವರಿಗೆ ಜವಳ ತೆಗೆಸುವ ಹರಕೆ ಇರುತ್ತದೆ. ಮನೆಮಂದಿಯೆಲ್ಲಾ ಹೊರಡುತ್ತಾರೆ, ತಾಯಿ-ಮಗು ಮಾತ್ರ ಬಾಗಿಲು ಹಾಕಿಕೊಂಡು ಮನೆಯಲ್ಲೇ. ಬೇಕಾದ ನಾಲ್ಕು ಸಾಮಾನು ಸರಿಯಾಗಿ ಕಟ್ಟಿಕೊಂಡರೆ ಧಾರಾಳವಾಗಿ ಹೋಗಿಬರಬಹುದು, ಸೋದರಿಯರೇ. ಹೋದ ವರ್ಷ ಮಗಳು ಮತ್ತು ಅವಳ ಒಂಬತ್ತು ತಿಂಗಳ ಗಂಡುಮಗುವಿನೊಂದಿಗೆ ನಾಯಕನಹಟ್ಟಿ ಜಾತ್ರೆಗೆ ಹೋಗಿ, ಎರಡು ರಾತ್ರಿ ಹೊಲದಲ್ಲೇ ಬಿಡಾರ ಮಾಡಿ, ಮೊಳಕಾಲ್ಮೂರು ನೋಡಿಕೊಂಡು ಬಂದೆವು. ಆ ಅನುಭವದಿಂದಲೇ ಹೇಳುತ್ತಿದ್ದೇನೆ.

ಚಿತ್ರದುರ್ಗದಿಂದ ಚಳ್ಳಕೆರೆಗೆ ಸುಮಾರು 30 ಕಿಲೋಮೀಟರು. ಶೇಂಗಾ ಎಣ್ಣೆ ಗಿರಣಿಗಳಿಂದ ಹೆಸರಾದ ಊರು. ರಾಜ್ಯದಲ್ಲೇ ಬಹಳ ಕಡಿಮೆ ಮಳೆ ಬೀಳುವ ಸೀಮೆ ಇದು. ಬೋಳು ಗುಡ್ಡ, ಜಾಲಿ, ಕುರಿಮಂದೆ, ಅಲ್ಲೊಂದು ಇಲ್ಲೊಂದು ಬೇವು, ಹುಣಸೆ. ಇಲ್ಲಿ ಮಗುವಿಗೆ ಮೊದಲ ಶತ್ರು ಬಿಸಿಲು. ಆದ್ದರಿಂದ ನಾವು ಬೆಳಗಿನ ಐದು ಗಂಟೆಗೇ ಹೊರಟೆವು. ಹನ್ನೊಂದರಿಂದ ನಾಲ್ಕರವರೆಗೆ ಮಗುವನ್ನು ನೆರಳು ಬಿಟ್ಟು ತೆಗೆಯಲಿಲ್ಲ.

ಗಾಡಿಯಲ್ಲಿ

ಕಾರಿನ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮೆಲ್ಲರ ರೂಢಿ. ಬ್ರೇಕ್ ಹಾಕಿದಾಗ ಎಷ್ಟೇ ಗಟ್ಟಿಯಾಗಿ ಹಿಡಿದರೂ ಕೂಸು ಕೈಯಲ್ಲಿ ನಿಲ್ಲುವುದಿಲ್ಲ. ಹಿಂದಿನ ಸೀಟಿಗೆ ಬಿಗಿಯುವ ಮಕ್ಕಳ ಕುರ್ಚಿಯೇ ಸರಿ. ಕೂಸಿನ ಮುಖ ಕಾರಿನ ಹಿಂಬದಿಗೆ ಇರಬೇಕು. ಬೆಲೆ ಜಾಸ್ತಿ ಅನ್ನಿಸಿದರೆ ಮಕ್ಕಳು ದೊಡ್ಡವರಾದ ನೆಂಟರ ಮನೆಯಲ್ಲಿ ಕೇಳಿ. 2019ರ ತಿದ್ದುಪಡಿಯಿಂದ ಇದು ಕಾನೂನೂ ಹೌದು. ಸ್ಕೂಟರಿನಲ್ಲಿ ನಾಲ್ಕು ವರ್ಷದೊಳಗಿನ ಮಗುವಿದ್ದರೆ ಸವಾರನಿಗೆ ಬಿಗಿಯುವ ಪಟ್ಟಿ ಬೇಕು, ವೇಗ 40 ಕಿಲೋಮೀಟರು ಮೀರಬಾರದು ಎಂದು 2022ರ ನಿಯಮ. ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ಟೂ ಬೇಕು. ಮತ್ತೊಂದು ಮಾತು: "ಎರಡೇ ನಿಮಿಷ" ಎಂದು ಮುಚ್ಚಿದ ಕಾರಿನಲ್ಲಿ ಮಗುವನ್ನು ಬಿಟ್ಟು ಇಳಿಯಬೇಡಿ.

ನೀರೇ ಮುಖ್ಯ

ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನೀರು ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಆದ್ದರಿಂದ ಮಗುವಿನ ನೀರನ್ನು ಮನೆಯಿಂದಲೇ ಕುದಿಸಿ ಆರಿಸಿ ಎರಡು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡೆವು. ಮುಗಿದ ಮೇಲೆ ಊರಿನ ಶುದ್ಧ ನೀರಿನ ಘಟಕದಿಂದ ತಂದು ಕುದಿಸಿದೆವು. ಆರು ತಿಂಗಳೊಳಗಿನ ಕೂಸಿಗೆ ಎಂಥ ಸೆಖೆಯಲ್ಲೂ ನೀರು ಬೇಡ, ತಾಯಿಯ ಹಾಲೇ ಸಾಕು. ಹಾಲೂಡುವ ತಾಯಿ ಮಾತ್ರ ಧಾರಾಳವಾಗಿ ನೀರು ಕುಡಿಯಬೇಕು.

ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ. ಒಂದು ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಕಲಸಿದ್ದು ಒಂದು ದಿನಕ್ಕೆ ಮಾತ್ರ. ಭೇದಿಯಾದರೆ ಚಮಚದಲ್ಲಿ ಕುಡಿಸುತ್ತಾ ಡಾಕ್ಟರ ಹತ್ತಿರ ಹೊರಡಿ. ಮಗು ಆರು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೆ ಕಣ್ಣೀರು ಬಾರದಿದ್ದರೆ, ಮಂಕಾಗಿ ಮಲಗಿದರೆ ಕಾಯಬೇಡಿ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಕಡೆ ತಾಲ್ಲೂಕು ಆಸ್ಪತ್ರೆಗಳಿವೆ. 108ಕ್ಕೆ ಫೋನ್ ಮಾಡಬಹುದು.

ಕಂಬಳಿ ಮತ್ತು ಹಳೇ ಸೀರೆ

ಚಳ್ಳಕೆರೆಗೆ ಬಂದು ಕಂಬಳಿ ಕೊಳ್ಳದೆ ಹೋಗುವುದುಂಟೇ? ಕುರಿಯ ಉಣ್ಣೆಯಲ್ಲಿ ನೇಯ್ದ ಕರಿ ಕಂಬಳಿ. ನೂಲಿಗೆ ಹುಣಸೆಬೀಜದ ಗಂಜಿ ಹಾಕುವುದರಿಂದ ಹೊಸದು ಸೆಡೆದುಕೊಂಡಿರುತ್ತದೆ. ತೊಳೆದು ಒಣಗಿಸಿ ಬಳಸಿ. ನೆಲದ ತಂಪು, ಮುಳ್ಳು, ಕಲ್ಲು ಯಾವುದೂ ಮೇಲಕ್ಕೆ ಬರುವುದಿಲ್ಲ. ಕಂಬಳಿ ಕೆಳಗೆ, ಅದರ ಮೇಲೆ ಮಡಿಸಿದ ಹತ್ತಿ ಬಟ್ಟೆ, ಮೇಲೆ ಕೊಡೆಯಂತೆ ಬಿಚ್ಚುವ ಸೊಳ್ಳೆಪರದೆ. ಮಗುವಿನ ಮೈಗೆ ನೇರವಾಗಿ ಕಂಬಳಿ ಹೊದಿಸಬೇಡಿ, ಚುಚ್ಚುತ್ತದೆ; ಮುಖಕ್ಕಂತೂ ಏನನ್ನೂ ಹೊದಿಸಬೇಡಿ.

ನಮ್ಮ ಬಿಡಾರದ ಪಕ್ಕದಲ್ಲೇ ಕುರಿಯವರ ಬಿಡಾರವಿತ್ತು. ಅವರ ಸೊಸೆ ಬೇವಿನ ಕೊಂಬೆಗೆ ಹಳೇ ಸೀರೆ ಕಟ್ಟಿ ಮಗುವನ್ನು ತೂಗುತ್ತಿದ್ದಳು. "ಕುರಿ ಹಿಂದೆ ಹೋಗೋರು ನಾವು, ಕೂಸು ಐತೆ ಅಂತ ಮನೇಲಿ ಕೂತರೆ ಆದೀತೇನವ್ವಾ?" ಎಂದಳು. ಅವಳ ಸಾಮಾನು ನೋಡಿದೆ: ಕಂಬಳಿ, ಎರಡು ಸೀರೆ, ನೀರಿನ ಕೊಡ, ಒಂದು ಗಂಟು ಹಿಟ್ಟು. ನನ್ನ ಮಗಳು ನಗುತ್ತಾ ತನ್ನ ಮೂರು ಚೀಲಗಳಲ್ಲಿ ಒಂದನ್ನು ಬಿಚ್ಚದೆ ಹಾಗೇ ಗಾಡಿಗೆ ಸೇರಿಸಿದಳು. ಸೀರೆ ಜೋಲಿಯನ್ನು ನೆಲಕ್ಕೆ ಹತ್ತಿರ ಕಟ್ಟಿ, ಕೆಳಗೆ ಕಂಬಳಿ ಹಾಸಿ, ಮಗು ಜೋಲಿಯಲ್ಲಿರುವಷ್ಟು ಹೊತ್ತೂ ಒಬ್ಬರು ಪಕ್ಕದಲ್ಲೇ ಕೂತಿರಬೇಕು.

ದಾರಿಯ ರಾಗಿ ಸರಿ

ಹಾಲನ್ನು ಫ್ಲಾಸ್ಕಿನಲ್ಲಿ ಒಯ್ಯಬೇಡಿ, ಕೆಡುತ್ತದೆ. ಬದಲಿಗೆ ಈ ಹಿಟ್ಟು ಒಯ್ಯಿರಿ. ರಾಗಿಯನ್ನು ತೊಳೆದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಸೋಸಿಡಿ. ಎರಡು ಚಮಚ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಕೈಯಾಡಿಸುತ್ತಾ ಏಳೆಂಟು ನಿಮಿಷ ಬೇಯಿಸಿ, ಇಳಿಸುವಾಗ ಅರ್ಧ ಚಮಚ ತುಪ್ಪ ಹಾಕಿ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ. ಉಳಿದದ್ದನ್ನು ಮತ್ತೆ ಬಿಸಿ ಮಾಡಿ ತಿನ್ನಿಸಬೇಡಿ. ಒಲೆ ಹಚ್ಚಲಾಗದ ಕಡೆ ಹಣ್ಣಾದ ಬಾಳೆಹಣ್ಣು ಕಿವುಚಿ ಕೊಟ್ಟರಾಯಿತು.

ಜಾತ್ರೆಯಲ್ಲಿ

ತಿಪ್ಪೇರುದ್ರಸ್ವಾಮಿಯವರ ತೇರು ಫಾಲ್ಗುಣದ ಬಿಸಿಲಿನಲ್ಲಿ, ಜನ ಲಕ್ಷಗಟ್ಟಲೆ. ಕೂಸನ್ನು ತೇರಿನ ಹತ್ತಿರ ಒಯ್ಯದೆ ಬೆಳಗಿನ ಜಾವವೇ ದರ್ಶನ ಮುಗಿಸಿದೆವು. ಜವಳಕ್ಕೆ ಹೊಸ ಬ್ಲೇಡು ನಾವೇ ಕೊಟ್ಟೆವು. ಬೋಳುತಲೆಗೆ ಬಿಸಿಲು ಬೇಗ ತಾಗುತ್ತದೆ, ಹತ್ತಿಯ ಟೋಪಿ ಮರೆಯಬೇಡಿ. ಮಗುವಿನ ಅಂಗಿಯ ಒಳಗೆ ಫೋನ್ ನಂಬರ್ ಬರೆದ ಬಟ್ಟೆ ಚೂರು ಹೊಲಿದಿರಿ.

ಮೊಳಕಾಲ್ಮೂರಿನ ಕಡೆಗೆ

ಬಳ್ಳಾರಿ ರಸ್ತೆಯಲ್ಲಿ ತ.ರಾ.ಸು. ಅವರ ಊರು ತಳುಕು ದಾಟಿ, ಹಾನಗಲ್ಲಿನಲ್ಲಿ ತಿರುಗಿದರೆ ಮೊಳಕಾಲ್ಮೂರು. ಆ ತಾಲ್ಲೂಕಿನಲ್ಲೇ ಬ್ರಹ್ಮಗಿರಿ. 1892ರಲ್ಲಿ ಬಿ.ಎಲ್. ರೈಸ್ ಅವರು ಇಲ್ಲಿ ಅಶೋಕನ ಶಾಸನ ಗುರುತಿಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ತಂದೆ-ತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು ಎಂದು ಆ ಬಂಡೆಯ ಮೇಲಿದೆಯಂತೆ! ಬಂಡೆಗಳು ಬೇಗ ಕಾಯುತ್ತವೆ. ಬೆಳಗಿನ ಒಂಬತ್ತರೊಳಗೆ ನೋಡಿ ಇಳಿಯಿರಿ. ಆಮೇಲೆ ಮೊಳಕಾಲ್ಮೂರಿನಲ್ಲಿ ಮಗ್ಗದ ಸದ್ದು ಕೇಳುತ್ತಾ, ರೇಷ್ಮೆ ಸೀರೆ ನೋಡುತ್ತಾ ಮಧ್ಯಾಹ್ನ ನೆರಳಿನಲ್ಲೇ ಕಳೆಯಬಹುದು. ನನ್ನ ಮಗಳು ಹೆರಿಗೆಯಾದ ಮೇಲೆ ಮೊದಲ ಬಾರಿ ತನಗೆಂದು ಒಂದು ಸೀರೆ ಆರಿಸಿಕೊಂಡದ್ದು ಅಲ್ಲೇ.

ಕಂಬಳಿ, ಎರಡು ಹಳೇ ಸೀರೆ, ಸೊಳ್ಳೆಪರದೆ, ನೀರು, ರಾಗಿಹಿಟ್ಟು, ಓಆರ್‌ಎಸ್, ಟಾರ್ಚು, ಸೋಪು, ಹನ್ನೆರಡು ಲಂಗೋಟಿ, ಒಂದು ಸಣ್ಣ ಬಕೆಟ್ಟು: ಇಷ್ಟಿದ್ದರೆ ಸಾಕು. ಈ ಸಲ ಮನೆಯವರು ಹೊರಟಾಗ ನೀವೂ ಚೀಲ ಕಟ್ಟಿ. ಕೂಸಿಗೂ ಬಯಲ ಗಾಳಿ ಬೇಕು, ಅದರ ತಾಯಿಗೂ ಬೇಕು.