ಎಲ್ಲವೂ ಹಿಡಿಸುತ್ತದೆ, ಸಿಸ್ಟರ್

ಕಾನ್ವೆಂಟ್ ಬಿಟ್ಟು ಬಂದವಳನ್ನು ಕಂಡರೆ ಊರಿನವರಿಗೆ ಒಂದೇ ಕುತೂಹಲ: ‘ಎಂತಾಯ್ತು?’ ಬಾಯಿಬಿಟ್ಟು ಕೇಳುವವರು ಕಡಿಮೆ. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಕಣ್ಣಲ್ಲೇ ಕೇಳುವವರು ಹೆಚ್ಚು. ಉತ್ತರವನ್ನೂ ಅವರೇ ತಯಾರಿಟ್ಟುಕೊಂಡಿರುತ್ತಾರೆ. ಒಂದೋ ಒಳಗೆ ಏನೋ ಅನ್ಯಾಯ ಆಗಿರಬೇಕು, ಇಲ್ಲವೇ ಹೊರಗೆ ಯಾರೋ ಹುಡುಗ ಇರಬೇಕು. ನನ್ನ ಮಟ್ಟಿಗೆ ಎರಡೂ ಸುಳ್ಳು. ಮೊದಲ ವ್ರತದ ಅವಧಿ ಮುಗಿದಾಗ ನಾನು ನವೀಕರಣಕ್ಕೆ ಅರ್ಜಿ ಕೊಡಲಿಲ್ಲ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ, ಯಾರೂ ಬೈಯಲೂ ಇಲ್ಲ. ಕೆಟ್ಟದ್ದು ಅದಕ್ಕೆ ಎಷ್ಟೋ ಮೊದಲು, ನನ್ನ ಕೈಯಿಂದಲೇ.

ಕರಾವಳಿಯ ಕ್ರೈಸ್ತ ಮನೆಗಳಿಗೆ ಸಿಸ್ಟರ್ ಆಗುವುದು ಹೊಸ ಸಂಗತಿಯೇನಲ್ಲ. ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಸಮುದ್ರ ದಾಟಿ ಮಂಗಳೂರಿಗೆ ಬಂದದ್ದು 1870ರಲ್ಲಿ. ಉರ್ಸುಲೈನ್ ಫ್ರಾನ್ಸಿಸ್ಕನ್ ಸಭೆ 1887ರಲ್ಲಿ, ಬೆಥನಿ ಸಭೆ 1921ರಲ್ಲಿ ಇಲ್ಲಿಯೇ ಹುಟ್ಟಿದವು. ಅಜ್ಜಿಯ ಕಾಲದಲ್ಲಿ ಮನೆ ತುಂಬ ಮಕ್ಕಳು. ಅವರಲ್ಲಿ ಒಬ್ಬಳು ಕಾನ್ವೆಂಟಿಗೆ, ಒಬ್ಬ ಸೆಮಿನರಿಗೆ ಹೋದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ನಾನು ಪಿಯುಸಿ ಮುಗಿಸುವ ಹೊತ್ತಿಗೆ ಕಾಲ ಬದಲಾಗಿತ್ತು. ಹುಡುಗಿಯರು ನರ್ಸಿಂಗ್ ಕಲಿತು ಗಲ್ಫಿಗೆ ಹೊರಡುತ್ತಿದ್ದರು. ಅಂಥ ಹೊತ್ತಿನಲ್ಲಿ ‘ನಾನು ಸಿಸ್ಟರ್ ಆಗುತ್ತೇನೆ’ ಎಂದವಳಿಗೆ ಸಿಗುವ ಮರ್ಯಾದೆ ಸಣ್ಣದಲ್ಲ. ಆ ಮರ್ಯಾದೆಯ ರುಚಿ ನನಗೆ ಬೇಗ ಹತ್ತಿತು.

ಕಾರಣಗಳು ಬೇರೆಯೂ ಇದ್ದವು. ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳಿಕೊಟ್ಟ ಸಿಸ್ಟರ್ ಒಬ್ಬರಿದ್ದರು. ಬೋರ್ಡಿನ ಮೇಲೆ ಅವರು ಎಳೆದ ವೃತ್ತ ಕೈವಾರ ಇಟ್ಟು ಎಳೆದಂತೆ ಇರುತ್ತಿತ್ತು. ಅವರಂತೆ ಆಗಬೇಕು ಎಂಬ ಆಸೆ ನನಗಿತ್ತು. ಇನ್ನೊಂದು, ಅಪ್ಪನಿಗೆ ನಾವು ಮೂವರು ಹೆಣ್ಣುಮಕ್ಕಳು. ಸಂಪಾದನೆ ಅಂತ ಇದ್ದದ್ದು ಒಂದು ಆಟೋ. ಮೂರು ಮದುವೆಯ ಖರ್ಚು ಎರಡಕ್ಕೆ ಇಳಿದರೆ ಮನೆಗೆ ಎಷ್ಟು ಹಗುರ ಎಂಬ ಲೆಕ್ಕವನ್ನು ನಾನು ಯಾರಿಗೂ ಹೇಳದೆ ಮಾಡಿ ಮುಗಿಸಿದ್ದೆ. ಇದೆಲ್ಲವನ್ನೂ ಸೇರಿಸಿ ಕಟ್ಟಿ ಅದಕ್ಕೆ ‘ದೈವಕರೆ’ ಎಂದು ಹೆಸರಿಟ್ಟೆ. ಇಂಥ ಕಾರಣಗಳಿದ್ದ ಮಾತ್ರಕ್ಕೆ ಕರೆ ಸುಳ್ಳಾಗುವುದಿಲ್ಲ ಎಂಬುದು ಈಗ ಗೊತ್ತು. ದೇವರು ಎಂಥೆಂಥ ದಾರಿಯಲ್ಲೋ ಕರೆಯುತ್ತಾನೆ. ಆದರೆ ಕಟ್ಟು ಬಿಚ್ಚಿ ಒಳಗೆ ಏನೇನಿದೆ ಎಂದು ಯಾರಾದರೂ ಬಲ್ಲವರೆದುರು ತೋರಿಸಬೇಕಿತ್ತು. ಅದೊಂದನ್ನು ನಾನು ಮಾಡಲಿಲ್ಲ.

ವೋಕೇಶನ್ ಕ್ಯಾಂಪಿನಲ್ಲಿ ಸಮುವೇಲನ ಕಥೆ ಹೇಳದ ಫಾದರ್ ಇಲ್ಲ. ರಾತ್ರಿ ಹೊತ್ತು ದೇವರು ಹುಡುಗನನ್ನು ಹೆಸರು ಹಿಡಿದು ಕರೆಯುತ್ತಾನೆ, ಹುಡುಗ ‘ಮಾತನಾಡು ಪ್ರಭು’ ಎನ್ನುತ್ತಾನೆ ಎಂಬಲ್ಲಿಗೆ ಉಪದೇಶ ಮುಗಿಯುತ್ತದೆ. ಬೈಬಲಿನಲ್ಲಿ ನೋಡಿದರೆ ಆ ಹುಡುಗ ಮೂರು ಸಲ ತಪ್ಪು ತಿಳಿದು ಮುದಿ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಕರೆದದ್ದು ಯಾರು ಎಂದು ಗುರುತಿಸಿದ್ದು ಕಣ್ಣು ಮಂಜಾದ ಆ ಏಲಿ. ಕ್ಯಾಂಪಿನಲ್ಲಿ ನಮಗೆ ಏಲಿಯ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಸಂತ ತೆರೇಸಾಳ ಕಥೆಯನ್ನಂತೂ ಕೇಳಿ ಕೇಳಿ ಬಾಯಿಪಾಠವಾಗಿತ್ತು. 1887ರ ನವೆಂಬರಿನಲ್ಲಿ, 14ರ ಹುಡುಗಿ, ರೋಮಿನಲ್ಲಿ ಪೋಪ್ 13ನೇ ಲಿಯೋ ಅವರ ಮುಂದೆ ಮೊಣಕಾಲೂರಿ ಕಾರ್ಮೆಲ್ ಮಠ ಸೇರಲು ಅಪ್ಪಣೆ ಕೇಳಿದಳು, ಕಾವಲುಗಾರರು ಎತ್ತಿಕೊಂಡು ಹೋಗುವವರೆಗೂ ಜಗ್ಗಲಿಲ್ಲ. ಹಠವೇ ಕರೆಯ ಗುರುತು ಎಂದುಕೊಂಡೆ. ಮೇಲಧಿಕಾರಿಗಳು ಹೇಳಿದಂತೆ ಮಾಡು ಎಂದು ಪೋಪ್ ಹೇಳಿ ಕಳುಹಿಸಿದ್ದು ಮನಸ್ಸಿನಲ್ಲಿ ನಿಲ್ಲಲಿಲ್ಲ.

ಹೊರಡುವ ಮುಂಚಿನ ಭಾನುವಾರ ಇಗರ್ಜಿಯಲ್ಲಿ ಹೆಸರು ಓದಿದರು, ಶಾಲು ಹೊದಿಸಿದರು. ಮನೆಯಲ್ಲಿ ನೆಂಟರಿಗೆಲ್ಲ ಊಟ. ಅಜ್ಜಿ ತನ್ನ ಜಪಮಾಲೆಯನ್ನೇ ಕೈಗಿಟ್ಟಳು. ‘ನಮ್ಮ ಕುಟುಂಬದಲ್ಲಿ ಇನ್ನು ಯಾರಿಗೂ ಕೇಡಿಲ್ಲ’ ಎಂದು ಮಾವ ಎಲ್ಲರೆದುರು ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನ್ನ ಹಿಂದಿನ ಬಾಗಿಲು ಮುಚ್ಚಿಕೊಂಡದ್ದು ಅವತ್ತು.

ಧರ್ಮಸಭೆಯ ಕಾನೂನು ಆ ಬಾಗಿಲನ್ನು ಮುಚ್ಚುವುದಿಲ್ಲ. 1983ರ ಸಂಹಿತೆಯ ಪ್ರಕಾರ 17 ತುಂಬದವಳನ್ನು ನೊವಿಶಿಯೇಟಿಗೆ, ಅಂದರೆ ವ್ರತಕ್ಕೆ ಮುಂಚಿನ ತರಬೇತಿಗೆ, ಸೇರಿಸುವಂತಿಲ್ಲ. ಬಲವಂತ, ತೀವ್ರ ಭಯ, ಮೋಸ ಇವುಗಳಲ್ಲಿ ಯಾವುದರಿಂದ ಸೇರಿದ್ದರೂ ಅದು ಅಸಿಂಧು. ಅವಧಿ ಕನಿಷ್ಠ 12 ತಿಂಗಳು, ಹೆಚ್ಚೆಂದರೆ 2 ವರ್ಷ. ಸಂಶಯ ಉಳಿದರೆ ಇನ್ನು 6 ತಿಂಗಳವರೆಗೆ ಮುಂದುವರಿಸಬಹುದು. ನೊವಿಸ್ ಯಾವ ದಿನ ಬೇಕಾದರೂ ಎದ್ದು ಮನೆಗೆ ಹೋಗಬಹುದು. ಆಮೇಲಿನ ಮೊದಲ ವ್ರತವೂ ತಾತ್ಕಾಲಿಕವೇ: ಮೂರರಿಂದ ಆರು ವರ್ಷ, ಅಗತ್ಯ ಬಿದ್ದರೆ ಒಂಬತ್ತರವರೆಗೆ. ಇಷ್ಟೊಂದು ಕಾಲ ಕೊಟ್ಟಿರುವುದು ಎರಡೂ ಕಡೆಯವರು ಪರಸ್ಪರ ನೋಡಿಕೊಳ್ಳಲಿ ಎಂದೇ. ನನಗೆ ಮಾತ್ರ ಅದು ಪಬ್ಲಿಕ್ ಪರೀಕ್ಷೆಯಂತೆ ಕಂಡಿತು. ಪರೀಕ್ಷೆಯಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ.

ತಿಂಗಳಿಗೊಮ್ಮೆ ನೊವಿಸ್ ಮಿಸ್ಟ್ರೆಸ್ ಜೊತೆ ಮಾತುಕತೆ ಇರುತ್ತಿತ್ತು. ಚಾಪೆಲ್ ಪಕ್ಕದ ಸಣ್ಣ ಕೋಣೆ, ಒಂದು ಮೇಜು, ಎರಡು ಕುರ್ಚಿ, ಕಿಟಕಿಯಾಚೆ ಬಟ್ಟೆ ಒಗೆಯುವ ಕಲ್ಲು. ಹಿಂದಿನ ರಾತ್ರಿಯೇ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲಿ ಸಾಲು ಮಾಡಿಟ್ಟುಕೊಳ್ಳುತ್ತಿದ್ದೆ. ಪ್ರಾರ್ಥನೆಯಲ್ಲಿ ಶಾಂತಿ ಸಿಗುತ್ತಿದೆ, ತುಸು ಅಹಂಕಾರ ಇದೆ, ತಿದ್ದಿಕೊಳ್ಳುತ್ತಿದ್ದೇನೆ. ದೋಷವನ್ನೂ ಒಂದು ಮಟ್ಟಕ್ಕೆ ಹೇಳಬೇಕು, ಇಲ್ಲವಾದರೆ ನಂಬುವುದಿಲ್ಲ ಎಂಬ ಚಾಲಾಕಿತನವೂ ಇತ್ತು. ಒಮ್ಮೆ ಅವರು ನೇರವಾಗಿ ಕೇಳಿದರು: ‘ಇಲ್ಲಿ ನಿಂಗೆ ಹಿಡಿಸದ್ದು ಎಂತದು, ಮಗಾ?’

‘ಎಲ್ಲವೂ ಹಿಡಿಸುತ್ತದೆ, ಸಿಸ್ಟರ್.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಎಲ್ಲ ಹಿಡಿಸ್ತದೆ ಅನ್ನುವವರನ್ನು ಕಂಡ್ರೆ ನಂಗೆ ಹೆದರಿಕೆ. ಮುಂದಿನ ಸಲ ಬರುವಾಗ ಒಂದು ಹಿಡಿಸದ್ದನ್ನು ತಕೊಂಡು ಬಾ.’ ನಾನು ಮುಂದಿನ ತಿಂಗಳು ‘ಬೆಳಗ್ಗಿನ ಗಂಜಿ’ ಎಂದೆ. ಅವರು ನಕ್ಕರು, ನಾನೂ ನಕ್ಕೆ. ಗಂಜಿ ನನಗೆ ಬಹಳ ಇಷ್ಟ.

ಹಿಡಿಸದ್ದು ಬೇರೆಯೇ ಇತ್ತು. ಅದೇ ಮೇಜಿನಲ್ಲಿ, ನಾನು ಆರಿಸಿಕೊಳ್ಳದ ಅವೇ ಮುಖಗಳ ಜೊತೆ ದಿನಾ ಉಣ್ಣುವುದು. ಸಂಜೆಯ ಮನರಂಜನೆಯ ಹೊತ್ತಿನಲ್ಲಿ ನಗಬೇಕಾದಾಗ ನಗುವುದು. ಚಾಪೆಲಿನಲ್ಲಿ ಕೂತಾಗ ಒಳಗೆ ಸಿಟ್ಟು ಏರುತ್ತಿತ್ತು, ಯಾರ ಮೇಲೆಂದು ತಿಳಿಯುತ್ತಿರಲಿಲ್ಲ. ಇದೇ ಹೊತ್ತಿಗೆ ನಮಗೆ ಸಂತ ಇಗ್ನೇಷಿಯಸರ ಪಾಠ ನಡೆಯುತ್ತಿತ್ತು. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದುಕೊಂಡು ಮಲಗಿದ ಆ ಯೋಧನಿಗೆ ಓದಲು ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ಶೌರ್ಯದ, ಹೆಣ್ಣಿನ ಕನಸು ಕಂಡಾಗ ಆ ಕ್ಷಣ ಸುಖ, ಆಮೇಲೆ ಬರಡು. ಸಂತರಂತೆ ಬದುಕುವ ಯೋಚನೆ ಮಾಡಿದಾಗ ಸುಖ ಆಮೇಲೂ ಉಳಿಯುತ್ತಿತ್ತು. ಹೀಗೆ ಆಮೇಲೆ ಏನು ಉಳಿಯುತ್ತದೆ ಎಂದು ನೋಡುವುದರಿಂದಲೇ ಅವರ ವಿವೇಚನೆಯ ಕ್ರಮ ಶುರುವಾಯಿತು. ಬರಡಾದ ಹೊತ್ತಿನಲ್ಲಿ ಹಿಂದಿನ ನಿರ್ಧಾರ ಬದಲಿಸಬೇಡ ಎಂಬ ನಿಯಮವನ್ನೂ ಅವರು ಕೊಟ್ಟಿದ್ದಾರೆ. ನಾನು ಆ ನಿಯಮವೊಂದನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಬಾಯಿ ಮುಚ್ಚಿಕೊಳ್ಳಲು ಅದು ಅನುಕೂಲವಾಗಿತ್ತು. ಶತ್ರು ತನ್ನ ಮಾತು ಗುಟ್ಟಾಗಿರಲಿ ಎಂದೇ ಬಯಸುತ್ತಾನೆ, ಅದನ್ನು ಬಲ್ಲವರ ಮುಂದೆ ಹೇಳಿಬಿಡು ಎಂಬ ನಿಯಮವೂ ಅದೇ ಪಟ್ಟಿಯಲ್ಲಿದೆ. ಅದಕ್ಕೆ ನೋಟ್ಸಿನಲ್ಲಿ ಕೆಂಪು ಗೆರೆ ಎಳೆದಿದ್ದೆ, ಅಷ್ಟಕ್ಕೇ ಬಿಟ್ಟೆ.

ವ್ರತವಾಯಿತು, ಬೋರ್ಡಿಂಗಿನ ಮಕ್ಕಳ ಜವಾಬ್ದಾರಿ ಬಂತು. ಒಳಗಿಟ್ಟದ್ದೆಲ್ಲ ಅಲ್ಲಿ ಹೊರಬಿತ್ತು. ಸಾಯಂಕಾಲ ಗಣಿತ ಹೇಳಿಕೊಡುವಾಗ ನಾನು ಹಸನ್ಮುಖಿ; ಗಂಟೆ ಹೊಡೆದು ಚಾಪೆಲಿಗೆ, ಊಟದ ಮೇಜಿಗೆ ಹೋಗುವಾಗ ಸಿಡಿಮಿಡಿ. ಎದುರಿಗೆ ಸಿಕ್ಕ ಮಗುವಿನ ಮೇಲೆ ಹರಿಹಾಯುತ್ತಿದ್ದೆ. ಜಡೆ ಹಾಕಿಕೊಳ್ಳಲು ತಡಮಾಡಿದ ಆರನೆಯ ಕ್ಲಾಸಿನ ಹುಡುಗಿಯೊಬ್ಬಳು ನನ್ನನ್ನು ಕಂಡೊಡನೆ ಕೈ ಅಡ್ಡ ಹಿಡಿದಳು. ನಾನು ಹೊಡೆಯಲು ಕೈ ಎತ್ತಿರಲೇ ಇಲ್ಲ. ಅದರ ಮಾರನೆಯ ವಾರ ಪ್ರೊವಿನ್ಶಿಯಲ್ ಮದರ್ ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

ಅವರು ಕೇಳಿಸಿಕೊಂಡು ಹೇಳಿದ್ದು ಇಷ್ಟು: ‘ಇದನ್ನು ನೊವಿಶಿಯೇಟಿನಲ್ಲೇ ಹೇಳಿದ್ದರೆ ನಿನ್ನ ಜೊತೆ ಕೂತು ನೋಡಬಹುದಿತ್ತು. ಇಂಥ ಸಿಟ್ಟು ಬಂದವರು ಎಷ್ಟೋ ಜನ ಇಲ್ಲೇ ಇದ್ದೇವೆ.’

ಈ ಮಾತು ಇವತ್ತಿಗೂ ಚುಚ್ಚುತ್ತದೆ. ನನಗೆ ಕರೆ ಇರಲಿಲ್ಲ ಎಂದು ಧೈರ್ಯವಾಗಿ ಹೇಳುವ ಸ್ಥಿತಿಯಲ್ಲೂ ನಾನಿಲ್ಲ. ಇತ್ತೋ ಇಲ್ಲವೋ ನೋಡಬೇಕಾದ ವರ್ಷಗಳಲ್ಲಿ ನೋಡಬೇಕಾದವರಿಗೆ ನಾನು ಬೇರೆ ಯಾರನ್ನೋ ತೋರಿಸುತ್ತಿದ್ದೆ. ಈಗ ಒಂದು ಶಾಲೆಯಲ್ಲಿ ಗಣಿತ ಹೇಳುತ್ತೇನೆ, ಸಂತೋಷವಾಗಿದ್ದೇನೆ. ಅಪ್ಪ ಒಂದು ದಿನವೂ ಕೊಂಕು ಮಾತಾಡಲಿಲ್ಲ. ಮೂರನೆಯ ಮದುವೆಯ ಲೆಕ್ಕ ಅವರ ತಲೆಯಲ್ಲಿ ಇರಲೇ ಇಲ್ಲವಂತೆ.

ಈ ಬೇಸಿಗೆಯಲ್ಲಿ ನಿಮ್ಮ ಮನೆಯಿಂದ ಹುಡುಗಿಯೊಬ್ಬಳು ಕಾನ್ವೆಂಟಿಗೆ ಹೊರಟಿದ್ದರೆ, ಶಾಲು, ಊಟ, ಭಾಷಣಗಳನ್ನು ಅವಳು ಜೀವನಪರ್ಯಂತದ ವ್ರತ ತೆಗೆದುಕೊಳ್ಳುವ ದಿನಕ್ಕೆ ಇಟ್ಟುಕೊಳ್ಳಿ. ಹೊರಡುವ ದಿನ ಬಸ್ ಸ್ಟ್ಯಾಂಡಿನವರೆಗೆ ಬ್ಯಾಗು ಹಿಡಿದುಕೊಂಡು ಹೋಗಿ, ಬೇಡ ಅನ್ನಿಸಿದರೆ ಫೋನು ಮಾಡು, ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಅವಳಿಗೆ ಕೇಳಿಸುವಂತೆ ಹೇಳಿ.