ಫುಟಾ ಘಾಟಿಯಲ್ಲಿ ಒಂದು ಹಳೆಯ ಆಲ್ಫಾ

ಇಟಲಿಯ ಕಾರು ಎಂದ ಕೂಡಲೇ ಇಂದಿನ ಮಕ್ಕಳಿಗೆ ನೆನಪಾಗುವುದು ಕೆಂಪು ಬಣ್ಣದ ಫೆರಾರಿ. ಆದರೆ ನಮ್ಮ ಮನೆಗಳ ಹಿರಿಯರಿಗೆ ಇಟಲಿಯ ಕಾರು ಹೊಸತೇನಲ್ಲ. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ, ಮುಂದೆ 'ಪದ್ಮಿನಿ' ಎಂಬ ಹೆಸರು ಪಡೆದ ಫಿಯೆಟ್ 1100 ಮೂಲತಃ ತೂರಿನ್ ನಗರದ ಕೂಸು. ದುಡಿಮೆಗಾಗಿ ಮುಂಬೈ ಸೇರಿದ ನಮ್ಮವರಲ್ಲಿ ಅನೇಕರು ಆ ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ ಓಡಾಡಿದವರು, ಕೆಲವರು ಅದನ್ನು ಓಡಿಸಿಯೇ ಮಕ್ಕಳನ್ನು ಓದಿಸಿದವರು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಗಳು ಮುಂಬೈ ರಸ್ತೆಗಳಿಂದ ನಿವೃತ್ತವಾದವು. ಬೆಳಿಗ್ಗೆ ಚೋಕ್ ಎಳೆದು, ಎಂಜಿನಿನ ಸದ್ದನ್ನು ಕಿವಿಗೊಟ್ಟು ಕೇಳಿ, ಅದರ ಮನಸ್ಸು ತಿಳಿದು ಹೊರಡುವ ಆ ಅಭ್ಯಾಸ ಗೊತ್ತಿರುವವರಿಗೆ ನಾನು ಮುಂದೆ ಹೇಳುವುದು ಸುಲಭವಾಗಿ ಅರ್ಥವಾದೀತು.

ಅದೇ ಇಟಲಿ ಮನೆಮಂದಿಯ ಕಾರಿನ ಜೊತೆಗೆ ಇನ್ನೊಂದು ಬಗೆಯ ಕಾರನ್ನೂ ಮಾಡಿತು. ಇಬ್ಬರು ಮಾತ್ರ ಕೂರುವಂಥದ್ದು, ಮೇಲೆ ಬಟ್ಟೆಯ ಹೊದಿಕೆ, ಅದನ್ನು ಸರಿಸಿದರೆ ತಲೆಯ ಮೇಲೆ ಆಕಾಶ. ಮಿಲಾನಿನ ಆಲ್ಫಾ ರೋಮಿಯೋ ಕಂಪೆನಿ 1966ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಹೊರತಂದ 'ಸ್ಪೈಡರ್' ಅಂಥದ್ದು. ಅದರ ಮೈಕಟ್ಟನ್ನು ರೂಪಿಸಿದ್ದು ಪಿನಿನ್‌ಫರೀನಾ ಸಂಸ್ಥೆ. ಸಂಸ್ಥಾಪಕ ಬತ್ತಿಸ್ತಾ ಪಿನಿನ್‌ಫರೀನಾ ಮರುತಿಂಗಳೇ ತೀರಿಕೊಂಡರು. ಅವರ ಕೊನೆಯ ಕೆಲಸಗಳಲ್ಲಿ ಒಂದೆನಿಸಿದ ಈ ಕಾರು, ಸಣ್ಣಪುಟ್ಟ ಬದಲಾವಣೆಗಳೊಂದಿಗೆ 1993ರವರೆಗೂ ತಯಾರಾಗುತ್ತಲೇ ಇತ್ತು.

ವ್ಯಾಸಂಗಕ್ಕೆಂದು ರೋಮಿನಲ್ಲಿದ್ದ ನಾನು 2017ರ ಬೇಸಿಗೆ ರಜೆಯನ್ನು ಬೊಲೊನ್ಯಾ ನಗರದ ಹೊರವಲಯದ ಒಂದು ಚರ್ಚಿನಲ್ಲಿ ಸಹಾಯಕನಾಗಿ ಕಳೆದೆ. ಅಲ್ಲಿ ಪರಿಚಯವಾದ 77 ವರ್ಷದ ಹಿರಿಯರೊಬ್ಬರ ಬಳಿ 1972ರ ಸ್ಪೈಡರ್ ಇತ್ತು. ಶ್ರೀಮಂತರೇನಲ್ಲ, ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಜೀವನ ಸವೆಸಿದವರು. ಒಂಬತ್ತು ವರ್ಷ ಹಳತಾಗಿದ್ದ ಕಾರನ್ನು 1981ರಲ್ಲಿ ಕೊಂಡು, ತುಕ್ಕು ಹಿಡಿದಲ್ಲೆಲ್ಲ ತಾವೇ ತಗಡು ಬೆಸೆದು ಉಳಿಸಿಕೊಂಡಿದ್ದರು. ಇಟಲಿಯಲ್ಲಿ 30 ವರ್ಷ ದಾಟಿದ ಇಂಥ ಕಾರಿಗೆ ವಾರ್ಷಿಕ ತೆರಿಗೆಯಿಲ್ಲ, ರಸ್ತೆಗಿಳಿಸಿದರೆ ಒಂದು ಸಣ್ಣ ಶುಲ್ಕ ಕೊಟ್ಟರಾಯಿತು. ಆದರೆ ಎರಡು ವರ್ಷಕ್ಕೊಮ್ಮೆ ತಪಾಸಣೆಗೆ ಒಡ್ಡಲೇಬೇಕು. "ತೆರಿಗೆ ಉಳಿಯಿತು ಎಂದು ಹೆಂಡತಿಗೆ ಹೇಳುತ್ತೇನೆ, ರಬ್ಬರು, ಬೇರಿಂಗು, ಬಟ್ಟೆಗೆ ಆದ ಖರ್ಚನ್ನು ಹೇಳುವುದಿಲ್ಲ" ಎಂದು ನಗುತ್ತಿದ್ದರು.

ಒಂದು ಶನಿವಾರ ಅವರು ನನ್ನನ್ನು ಫುಟಾ ಘಾಟಿಗೆ ಕರೆದೊಯ್ದರು. ಬೊಲೊನ್ಯಾದಿಂದ ಫ್ಲಾರೆನ್ಸಿಗೆ ಅಪೆನ್ನೈನ್ ಬೆಟ್ಟಸಾಲನ್ನು ದಾಟಿ ಹೋಗುವ ಹಳೆಯ ದಾರಿಯದು. 1960ರಲ್ಲಿ ಹೆದ್ದಾರಿ ಬಂದ ಮೇಲೆ ಲಾರಿಗಳ ಓಟ ಅತ್ತ ಸರಿದಿದೆ, 2015ರಲ್ಲಿ ಉದ್ದದ ಸುರಂಗಗಳ ಇನ್ನೊಂದು ಹೆದ್ದಾರಿಯೂ ತೆರೆಯಿತು. ಅವಸರವಿದ್ದವರಿಗೆ ಅದು, ಅವಸರವಿಲ್ಲದವರಿಗೆ ಇದು.

ಹೊರಡುವಾಗಲೇ ನನಗೆ ಅಚ್ಚರಿ ಕಾದಿತ್ತು. ವೇಗಕ್ಕೆಂದೇ ಹುಟ್ಟಿದ ಕಾರನ್ನು ಅವರು ಹಸುಗೂಸನ್ನು ಎತ್ತಿಕೊಂಡವರಂತೆ ನಿಧಾನವಾಗಿ ನಡೆಸಿದರು. 1962 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್ ಅದು, ನೆತ್ತಿಯಲ್ಲಿ ಎರಡು ಕ್ಯಾಮ್ ದಂಡಗಳು, ಉಸಿರಾಡಲು ಜೋಡಿ ಕಾರ್ಬುರೇಟರುಗಳು. ಎಣ್ಣೆ ಬಿಸಿಯಾಗಿ ತೆಳುವಾಗುವವರೆಗೆ ಅದು ಎಂಜಿನಿನ ಮೂಲೆಮೂಲೆಗೂ ಸರಿಯಾಗಿ ಹರಿಯದು. ಆದ್ದರಿಂದ ಮುಳ್ಳು ಮೇಲೇರುವ ತನಕ ನಿಮಿಷಕ್ಕೆ 3000 ಸುತ್ತು ಮೀರಬಾರದೆಂಬುದು ಅವರ ಕಟ್ಟಳೆ. ವಯಸ್ಸಾದ ಗೇರ್‌ಬಾಕ್ಸ್ ತಣ್ಣಗಿರುವಾಗ ಎರಡನೇ ಗೇರು ಬಿಗಿ. ಅದನ್ನು ತುರುಕದೆ, ನ್ಯೂಟ್ರಲಿನಲ್ಲಿ ಒಂದು ಕ್ಷಣ ತಡೆದು, ಆಮೇಲೆ ಮೆಲ್ಲಗೆ ಜಾರಿಸುತ್ತಿದ್ದರು.

ಪಿಯಾನೋರೊ, ಲೊಯಾನೊ, ಮೊಂಗಿದೋರೊ ಎಂಬ ಊರುಗಳನ್ನು ದಾಟುತ್ತ ಏರಿದೆವು. ಎಣ್ಣೆ ಬಿಸಿಯಾದದ್ದೇ ತಡ, ಕಾರಿನ ದನಿಯೇ ಬದಲಾಯಿತು. ಗೊಗ್ಗರು ಹೋಗಿ ನಾದ ಬಂತು. ವೇಗದ ಮುಳ್ಳು ನೋಡಿದರೆ ಬರೀ 60. ಆದರೆ ನೆಲಕ್ಕೆ ಹತ್ತಿರ ಕೂತು, ಗಾಳಿಗೆ ಮುಖವೊಡ್ಡಿ, ಆಗತಾನೇ ಕೊಯ್ದ ಹುಲ್ಲಿನ ವಾಸನೆಯ ಜೊತೆಗೆ ಬಿಸಿ ಪೆಟ್ರೋಲಿನ ವಾಸನೆಯನ್ನೂ ಕುಡಿಯುತ್ತ ಹೋಗುವಾಗ ಆ 60 ಸಾಕೆನಿಸುತ್ತದೆ. ಇಂದಿನ ಕಾರುಗಳು ರಸ್ತೆಯನ್ನು ನಮ್ಮಿಂದ ಮರೆಮಾಡುತ್ತವೆ. ಇದು ಪ್ರತಿಯೊಂದು ಕಲ್ಲನ್ನೂ ಸ್ಟಿಯರಿಂಗಿನ ಮೂಲಕ ಅಂಗೈಗೆ ಹೇಳುತ್ತದೆ.

968 ಮೀಟರ್ ಎತ್ತರದ ರಾಟಿಕೋಜಾ ಕಣಿವೆದಾರಿಯಲ್ಲಿ ಕಾಫಿಗೆ ನಿಂತಾಗ ಅವರು ಈ ರಸ್ತೆಯ ಹಳೆಯ ಕಥೆ ತೆಗೆದರು. 'ಮಿಲ್ಲೆ ಮಿಲ್ಯಾ' ಅಂದರೆ ಸಾವಿರ ಮೈಲಿ. ಬ್ರೆಷಾದಿಂದ ರೋಮಿಗೆ ಹೋಗಿ ಮರಳುವ, ಸುಮಾರು 1600 ಕಿಲೋಮೀಟರಿನ ಆ ಪಂದ್ಯ ಸಾಮಾನ್ಯ ರಸ್ತೆಗಳಲ್ಲೇ ನಡೆಯುತ್ತಿತ್ತು, ಮರಳುವ ಕಾರುಗಳು ಇದೇ ಘಾಟಿಯನ್ನು ದಾಟುತ್ತಿದ್ದವು. 1955ರಲ್ಲಿ ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಇಡೀ ದಾರಿಯನ್ನು 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದಾಗ ನಮ್ಮ ಹಿರಿಯರಿಗೆ 15 ವರ್ಷ. ಅಪ್ಪನ ಕೈಹಿಡಿದು ರಸ್ತೆಯ ಅಂಚಿನಲ್ಲೇ ನಿಂತಿದ್ದರಂತೆ. ನಡುವೆ ಬೇಲಿಯಿಲ್ಲ, ಹಗ್ಗವಿಲ್ಲ.

ಎರಡೇ ವರ್ಷಕ್ಕೆ ಆ ಸಂಭ್ರಮ ಮುಗಿಯಿತು. 1957ರ ಮೇ 12ರಂದು, ಘಾಟಿ ಇಳಿದು ಬಯಲು ಸೇರಿದ ಪಂದ್ಯದ ಕಾರೊಂದರ ಟಯರು ಗುಯಿದಿಜ್ಜೋಲೊ ಎಂಬ ಊರಿನ ಬಳಿ ಒಡೆಯಿತು. ಸ್ಪೇನಿನ ಚಾಲಕ ಅಲ್ಫೋನ್ಸೊ ದೆ ಪೋರ್ತಾಗೊ, ಅವರ ಜೊತೆಗಾರ, ಮತ್ತು ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಪಂದ್ಯ ಅಲ್ಲಿಗೆ ನಿಂತಿತು. 1977ರಿಂದ ಅದೇ ಹೆಸರಿನಲ್ಲಿ ಹಳೆಯ ಕಾರುಗಳ ಓಟ ನಡೆಯುತ್ತಿದೆ, ಅದು ನಿಗದಿತ ಸಮಯಪಾಲನೆಯ ಸ್ಪರ್ಧೆಯೇ ಹೊರತು ವೇಗದ್ದಲ್ಲ. "ರಸ್ತೆಯ ಅಂಚಿನಲ್ಲಿ ನಾನೂ ಇದ್ದೆನಲ್ಲ. ಆ ಮಕ್ಕಳು ನನಗಿಂತ ಚಿಕ್ಕವರು" ಎಂದಷ್ಟೇ ಹೇಳಿ ಅವರು ಕಾಫಿ ಮುಗಿಸಿದರು.

ಅವರ ಆ ನಿಧಾನದ ಗುಟ್ಟು ನನಗೆ ಆಗ ತಿಳಿಯಿತು. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಜಾರದಂತೆ ತಡೆಯುವ ವ್ಯವಸ್ಥೆಯಿಲ್ಲ, ಪವರ್ ಸ್ಟಿಯರಿಂಗ್ ಇಲ್ಲ. ಚಾಲಕನ ಗಮನವೊಂದೇ ಅದರ ಸುರಕ್ಷತೆ. ಆ ಗಮನ ಅವರಿಗೆ ಹೊರೆಯಾಗಿರಲಿಲ್ಲ, ಅದೇ ಅವರ ಸುಖವಾಗಿತ್ತು.

903 ಮೀಟರ್ ಎತ್ತರದ ಫುಟಾದಲ್ಲಿ ಬೆಟ್ಟವನ್ನೇ ಆವರಿಸಿದ ಜರ್ಮನ್ ಸೈನಿಕರ ಸಮಾಧಿಭೂಮಿಯಿದೆ. ಎರಡನೇ ಮಹಾಯುದ್ಧದಲ್ಲಿ ಮಡಿದ 30,000ಕ್ಕೂ ಹೆಚ್ಚು ಮಂದಿ ಅಲ್ಲಿ ಮಲಗಿದ್ದಾರೆ. ಅಲ್ಲಿ ಸ್ವಲ್ಪ ಹೊತ್ತು ಮೌನವಾಗಿ ನಡೆದು ಬಂದ ಮೇಲೆ ಅವರು ಬೀಗದ ಕೈಯನ್ನು ನನ್ನತ್ತ ಚಾಚಿದರು. ನಾನು ಇಟಲಿಗೆ ಬಂದು ವರ್ಷ ತುಂಬಿರಲಿಲ್ಲ, ಊರಿನಿಂದ ತಂದಿದ್ದ ಅಂತರರಾಷ್ಟ್ರೀಯ ಪರವಾನಗಿ ಇನ್ನೂ ಚಾಲ್ತಿಯಲ್ಲಿತ್ತು.

ಎಡಗಡೆ ಕೂತು ಬಲಗೈಯಲ್ಲಿ ಗೇರು ಹಾಕುವುದು ನಮ್ಮವರಿಗೆ ಕನ್ನಡಿಯಲ್ಲಿ ಬರೆದ ಹಾಗೆ. ಚಕ್ರ ದೂರ, ಪೆಡಲುಗಳು ಹತ್ತಿರ. ಕೈ ಚಾಚಿ ಮೊಣಕಾಲು ಮಡಚಿ ಕೂರಬೇಕು. ಮುಜೆಲ್ಲೊ ಕಣಿವೆಯ ಕಡೆಗೆ ಇಳಿಯುವ ತಿರುವುಗಳಲ್ಲಿ ಅವರು ಹೇಳಿದ್ದು ಇಷ್ಟೇ: ತಿರುವಿಗೆ ಮೊದಲೇ ನಿಧಾನಿಸು, ಗೇರು ಮೊದಲೇ ಬದಲಿಸು, ಆಮೇಲೆ ತಿರುವಿನ ಆಚೆಯನ್ನು ನೋಡು, ಕೈ ತಾನಾಗಿ ಹಿಂಬಾಲಿಸುತ್ತದೆ. ಹತ್ತು ಕಿಲೋಮೀಟರ್ ಓಡಿಸಿರಬೇಕು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಬೇರೆ ಯಾವ ಯೋಚನೆಯೂ ಸುಳಿಯಲಿಲ್ಲ. ಇಳಿದಾಗ ಅಂಗಿ ಒದ್ದೆ, ಮನಸ್ಸು ಹಗುರ.

ಇಟಲಿಯಲ್ಲಿ 70 ದಾಟಿದವರು ಮೂರು ವರ್ಷಕ್ಕೊಮ್ಮೆ, 80 ದಾಟಿದವರು ಎರಡು ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಮಾಡಿಸಿ ಪರವಾನಗಿ ನವೀಕರಿಸಬೇಕು. ನಾನು ಊರಿಗೆ ಮರಳಿದ ಮೇಲೆ ಒಮ್ಮೆ ಫೋನಿನಲ್ಲಿ ಅವರು ಸುದ್ದಿ ಹೇಳಿದರು. 80 ತುಂಬಿದಾಗ ವೈದ್ಯರು ಅವರನ್ನು ಪಾಸು ಮಾಡಿದ್ದರು. ಆದರೂ ಸಂಜೆಗತ್ತಲಲ್ಲಿ ಸೈಕಲ್ ಮೇಲಿದ್ದ ಹುಡುಗನೊಬ್ಬ ತಮ್ಮ ಕಣ್ಣಿಗೆ ಸ್ವಲ್ಪ ತಡವಾಗಿ ಬಿದ್ದನೆಂಬ ಒಂದೇ ಕಾರಣಕ್ಕೆ, ಸ್ಪೈಡರಿನ ಬೀಗದ ಕೈಯನ್ನು ಮೊಮ್ಮಗಳಿಗೆ ಒಪ್ಪಿಸಿಬಿಟ್ಟರಂತೆ. "ಕಾರು ನನ್ನದು, ರಸ್ತೆ ಆ ಹುಡುಗನದೂ ಹೌದಲ್ಲವೇ?" ಎಂದರು. ಮೂವತ್ತೊಂಬತ್ತು ವರ್ಷ ಜೋಪಾನ ಮಾಡಿದ್ದನ್ನು ಯಾರೂ ಕೇಳದೆಯೇ ಬಿಟ್ಟುಕೊಟ್ಟವರ ದನಿಯಲ್ಲಿ ಕೊರಗು ಇರಲಿಲ್ಲವೆಂದರೆ ಸುಳ್ಳಾದೀತು.

ಈಗ ಮೊಮ್ಮಗಳು ಓಡಿಸುತ್ತಾಳೆ, ಅವರು ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಮುಳ್ಳು ಮೇಲೇರುವ ಮುನ್ನ ಅವಳ ಕಾಲು ಭಾರವಾದರೆ, ಗದರಿಸುವುದಿಲ್ಲವಂತೆ. ಎಣ್ಣೆಯ ಮಾಪಕದ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟುತ್ತಾರಂತೆ.